ಹಿಮಕ್ಕಿಂತ ಉಪ್ಪಿನ ಕಾಟವೇ ಜಾಸ್ತಿ: ಚಳಿಗಾಲದ ವಾಕಿಂಗ್‌ನಲ್ಲಿ ನಾಯಿಯ ಪಾದ ಕಾಪಾಡುವ ಸಮಗ್ರ ಮಾರ್ಗದರ್ಶಿ

ಟೊರಾಂಟೋದಲ್ಲಿ ನಮ್ಮ ಮೊದಲ ಜನವರಿ ಅದು. ರಸ್ತೆ ದಾಟುವಾಗ ನಮ್ಮ ನಾಯಿ ಕೆಂಚ ನಡುವೆಯೇ ನಿಂತುಬಿಟ್ಟ. ಬಲಗಾಲು ಎತ್ತಿದ, ಇಳಿಸಿದ. ಎಡಗಾಲು ಎತ್ತಿದ. ಆಮೇಲೆ ಹಿಂಗಾಲು. ಕಾದ ಹೆಂಚಿನ ಮೇಲೆ ನಿಂತ ಹಾಗಿತ್ತು ಅವನ ಪಾಡು. ಸಿಗ್ನಲ್ ಬದಲಾಗುತ್ತಿತ್ತು. ಹದಿನೆಂಟು ಕಿಲೋ ನಾಯಿಯನ್ನು ಎತ್ತಿಕೊಂಡು ಓಡಿ ಆಚೆ ಬದಿ ಸೇರಿದೆ. ಪಾಪ, ಮೈಸೂರಿನ ಬೀದಿಯಲ್ಲಿ ಹುಟ್ಟಿದ ನಾಯಿ, ಚಳಿ ತಡೆಯೋಕಾಗ್ತಿಲ್ಲ ಅಂದುಕೊಂಡೆ. ಮನೆಗೆ ಬಂದು ಕಂಬಳಿ ಹೊದಿಸಿದೆ.

ರಾತ್ರಿಯಿಡೀ ಅವನು ಪಾದ ನೆಕ್ಕುತ್ತಲೇ ಇದ್ದ. ಬೆಳಗಿನ ಜಾವ ಎರಡು ಸಲ ವಾಂತಿ ಮಾಡಿಕೊಂಡ. ಬೆಳಕಾದ ಮೇಲೆ ಬೆರಳು ಬಿಡಿಸಿ ನೋಡಿದರೆ, ಸಂದಿಯಲ್ಲಿ ಜೋಳದ ಕಾಳಿನಷ್ಟು ದೊಡ್ಡ ಉಪ್ಪಿನ ಹರಳು ಸಿಕ್ಕಿಕೊಂಡಿತ್ತು. ಸುತ್ತ ಚರ್ಮ ಕೆಂಪಗೆ, ಹಸಿಹಸಿಯಾಗಿತ್ತು. ಗಾಯದ ಮೇಲೆ ಉಪ್ಪು ಸವರುವುದು ಅಂತ ನಾವು ಮಾತಿಗೆ ಹೇಳುತ್ತೇವೆ. ಅವನು ಅದನ್ನು ಇಡೀ ರಾತ್ರಿ ಅನುಭವಿಸಿದ್ದ. ಅವತ್ತು ಹೊರಗೆ ಇದ್ದದ್ದು ಬರೀ ಮೈನಸ್ 4 ಡಿಗ್ರಿ.

ಹಿಮ, ಮಂಜುಗಡ್ಡೆ ಕರಗಲೆಂದು ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದಾದ ಮೇಲೆ ನಾನು ಚಳಿಗಿಂತ ಆ ಉಪ್ಪಿನ ಬಗ್ಗೆಯೇ ಜಾಸ್ತಿ ಯೋಚನೆ ಮಾಡುತ್ತೇನೆ. ಕೆನಡಾ, ಅಮೆರಿಕದ ಉತ್ತರ ಭಾಗ, ಹೀಗೆ ಹಿಮ ಬೀಳುವ ಊರಿನಲ್ಲಿ ನಾಯಿ ಸಾಕುತ್ತಿರುವ ಕನ್ನಡಿಗರು ಈಗ ತುಂಬಾ ಜನ ಇದ್ದಾರೆ. ಊರಿಂದ ನಾಡುನಾಯಿಯನ್ನು ಕರೆತಂದವರೂ ಇದ್ದಾರೆ. ನಮ್ಮೂರಿನ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ನಾವು ಹೆದರುತ್ತಿದ್ದದ್ದು ಏಪ್ರಿಲ್ ತಿಂಗಳ ಕಾದ ಟಾರು ರಸ್ತೆಗೆ. ಹಾಗಾಗಿ ಇದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು ಪಾದವನ್ನು ಸರಿಯಾಗಿ ನೋಡಿ

ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಒಂದು ಮುಂಗಾಲು ಕೈಯಲ್ಲಿ ಹಿಡಿದುಕೊಳ್ಳಿ. ನಾಲ್ಕು ಬೆರಳಿಗೆ ನಾಲ್ಕು ಸಣ್ಣ ಮೆತ್ತೆ, ನಡುವೆ ದೊಡ್ಡದೊಂದು ಮೆತ್ತೆ. ಸ್ವಲ್ಪ ಮೇಲೆ, ಮಣಿಕಟ್ಟಿನ ಹಿಂದೆ ಇನ್ನೊಂದು ಪುಟ್ಟ ಮೆತ್ತೆ. ಒಳಬದಿಯಲ್ಲಿ ನೆಲ ತಾಗದ ಒಂದು ಉಗುರು ಇರುತ್ತದೆ. ಮೆತ್ತೆಯ ಹೊರಚರ್ಮ ಗಟ್ಟಿ, ದೊರಗು. ಒಳಗೆ ಹೆಚ್ಚಾಗಿ ಕೊಬ್ಬು. ಈ ಕೊಬ್ಬು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ.

ಇನ್ನೊಂದು ಚಂದದ ಏರ್ಪಾಡು ಉಂಟು. ಪಾದಕ್ಕೆ ಬಿಸಿ ರಕ್ತ ತರುವ ನಾಳದ ಸುತ್ತಲೂ, ತಣ್ಣಗಾದ ರಕ್ತವನ್ನು ವಾಪಸ್ ಒಯ್ಯುವ ಸಣ್ಣ ನಾಳಗಳು ಹೆಣೆದುಕೊಂಡಿವೆ. ಹೋಗುವ ರಕ್ತದ ಬಿಸಿ ಬರುವ ರಕ್ತಕ್ಕೆ ಅಲ್ಲೇ ದಾಟುತ್ತದೆ. ಹಾಗಾಗಿ ತಣ್ಣನೆಯ ರಕ್ತ ಹಾಗೇ ಮೈಯೊಳಗೆ ಹೋಗುವುದಿಲ್ಲ, ಪಾದವೂ ಪೂರ್ತಿ ತಣ್ಣಗಾಗುವುದಿಲ್ಲ. ಪೆಂಗ್ವಿನ್ ಕಾಲಿನಲ್ಲೂ ಇದೇ ಏರ್ಪಾಡು. ನಾಯಿಯ ಪಾದದಲ್ಲಿ ಇದು ಹೇಗಿದೆ ಅನ್ನುವುದನ್ನು ಜಪಾನಿನ ಸಂಶೋಧಕರು 2011ರ ಸುಮಾರಿಗೆ ಸೂಕ್ಷ್ಮದರ್ಶಕದಲ್ಲಿ ನೋಡಿ ತೋರಿಸಿದರು.

ಅಂದರೆ ಆರೋಗ್ಯವಾಗಿರುವ ದೊಡ್ಡ ನಾಯಿಗೆ, ಸ್ವಲ್ಪ ಹೊತ್ತಿನ ವಾಕಿಂಗ್‌ನಲ್ಲಿ ಬರೀ ಚಳಿಯಿಂದಲೇ ಪಾದಕ್ಕೆ ದೊಡ್ಡ ತೊಂದರೆ ಆಗುವುದಿಲ್ಲ. ತೊಂದರೆ ಬರುವುದು ಬೇರೆ ಮೂರು ಕಡೆಯಿಂದ. ಒಂದು, ರಸ್ತೆಯ ಉಪ್ಪು. ಎರಡು, ಬೆರಳ ಸಂದಿಯಲ್ಲಿ ಕಟ್ಟುವ ಮಂಜುಗಡ್ಡೆಯ ಉಂಡೆ. ಮೂರು, ಒಣಗಿ ಬಿರಿಯುವ ಚರ್ಮ. ಮನೆಯೊಳಗೆ ಹೀಟರ್‌ನ ಒಣ ಗಾಳಿ, ಹೊರಗೆ ಒಣ ಚಳಿ. ನಮ್ಮ ಹಿಮ್ಮಡಿ ಒಡೆಯುವ ಹಾಗೆ ಅವುಗಳ ಮೆತ್ತೆಯೂ ಒಡೆಯುತ್ತದೆ. ಆ ಬಿರುಕಿಗೆ ಉಪ್ಪು ಇಳಿದರೆ ಮುಗಿಯಿತು.

ಹಿಮದ ನಾಡಿನ ದಪ್ಪ ಕೂದಲಿನ ತಳಿಗಳಾದ ಹಸ್ಕಿ, ಮಾಲಮ್ಯೂಟ್‌ಗಳ ಮಾತು ಬೇರೆ. ನಮ್ಮ ನಾಡುನಾಯಿಗಳಿಗೆ ಮೈಮೇಲೆ ತೆಳು ಕೂದಲು, ಚರ್ಮದ ಕೆಳಗೆ ಕೊಬ್ಬು ಕಮ್ಮಿ. ಮರಿಗಳು, ಮುದಿ ನಾಯಿಗಳು, ಚಿವಾವಾ, ಡ್ಯಾಶ್‌ಹಂಡ್ ಥರದ ಗಿಡ್ಡ ಕಾಲಿನವು, ಸಕ್ಕರೆ ಕಾಯಿಲೆ ಇರುವವು, ಇವುಗಳಿಗೂ ಹೆಚ್ಚು ಎಚ್ಚರಿಕೆ ಬೇಕು.

ಆ ಉಪ್ಪು ಏನು, ಯಾಕಷ್ಟು ಕಾಟ

ರಸ್ತೆಗೆ ಹಾಕುವುದು ಹೆಚ್ಚಾಗಿ ಸೋಡಿಯಂ ಕ್ಲೋರೈಡ್, ನಮ್ಮ ಅಡುಗೆ ಉಪ್ಪಿನದೇ ಜಾತಿ. ಒಂಟಾರಿಯೊದ ಗಾಡ್ರಿಚ್ ಊರಿನಲ್ಲಿ, ಹ್ಯೂರಾನ್ ಸರೋವರದ ಅಡಿಯಲ್ಲಿ ಸುಮಾರು 550 ಮೀಟರ್ ಆಳದಲ್ಲಿ, ಪ್ರಪಂಚದ ಅತಿ ದೊಡ್ಡ ಭೂಗತ ಉಪ್ಪಿನ ಗಣಿ ಇದೆ. ಅಲ್ಲಿನ ಉಪ್ಪನ್ನು ಒರಟಾಗಿ ಒಡೆದು ರಸ್ತೆಗೆ ಸುರಿಯುತ್ತಾರೆ. ಹರಳಿನ ಅಂಚು ಚೂಪು. ನಾಯಿಯ ಬೆರಳ ಸಂದಿ ಅದು ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದ ಜಾಗ.

ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗೆ ಹೋದರೆ ಈ ಉಪ್ಪು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬರುತ್ತವೆ. ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಕರಗುವಾಗ ಬಿಸಿ ಹೊರಗೆ ಬಿಡುತ್ತದೆ. ಒಂದು ಲೋಟ ನೀರಿಗೆ ಒಂದು ಹಿಡಿ ಹಾಕಿ ಲೋಟ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಒದ್ದೆ ಪಾದದ ಸಂದಿಯಲ್ಲಿ ಅದೇ ಆಗುವುದು. ಚರ್ಮ ಕೆಂಪಾಗುತ್ತದೆ, ಸುಡುತ್ತದೆ, ಕೆಲವು ಸಲ ಗುಳ್ಳೆ ಏಳುತ್ತದೆ. ಹಾಗಾಗಿ ತುಂಬಾ ಚಳಿಯ ದಿನ ಅಂಗಡಿ, ಅಪಾರ್ಟ್‌ಮೆಂಟ್ ಬಾಗಿಲ ಮುಂದೆ ಬಿಳಿ ಗುಂಡುಗುಂಡಾದ ಕಾಳು ಚೆಲ್ಲಿದ್ದು ಕಂಡರೆ, ನಾಯಿಯನ್ನು ಎತ್ತಿಕೊಂಡೇ ದಾಟಿ. ಎತ್ತಲಾಗದ ನಾಯಿಯಾದರೆ ಸುತ್ತು ಹಾಕಿ.

ಹಿಮ ಬೀಳುತ್ತಿರುವ ದಿನ ಪಾದಕ್ಕೆ ಅಂಥ ತೊಂದರೆ ಇಲ್ಲ. ಹೊಸ ಹಿಮ ಮೆತ್ತಗೆ, ಶುದ್ಧ. ಕೆಟ್ಟದ್ದು ಅದರ ಮರುದಿನ, ಮೂರನೇ ದಿನ. ಹಿಮ ಕರಗಿ ಕಂದು ಬಣ್ಣದ ಉಪ್ಪುಕೆಸರಾಗುತ್ತದೆ. ಅದು ಒಣಗಿದ ಮೇಲೆ ಫುಟ್‌ಪಾತ್ ಮೇಲೆ ರಂಗೋಲಿ ಪುಡಿ ಉದುರಿದ ಹಾಗೆ ಬಿಳಿ ಕಲೆ ಉಳಿಯುತ್ತದೆ. ನೋಡುವುದಕ್ಕೆ ರಸ್ತೆ ಒಣಗಿದೆ, ಬಿಸಿಲೂ ಇದೆ. ಬೂಟು ಬೇಡ ಅನ್ನಿಸುತ್ತದೆ. ನಾನು ಮೋಸ ಹೋಗಿದ್ದು ಅಂಥ ದಿನಗಳಲ್ಲೇ. ಇನ್ನೊಂದು ಮಾತು, ಹಿಮ ಬೀಳುವ ಮೊದಲೇ ನಗರದ ಲಾರಿಗಳು ಉಪ್ಪುನೀರು ಸಿಂಪಡಿಸಿ ಹೋಗುತ್ತವೆ. ರಸ್ತೆ ಮೇಲೆ ಉದ್ದಕ್ಕೆ ಸಮಾನಾಂತರ ಬಿಳಿ ಗೆರೆಗಳು ಕಂಡರೆ ಅದೇ.

ನಿಮ್ಮ ಮನೆ ಮೆಟ್ಟಿಲಿಗೆ ಏನು ಹಾಕುವುದು ನಿಮ್ಮ ಕೈಯಲ್ಲೇ ಇದೆ, ಅಲ್ವಾ? ಮೊದಲು ಸಲಿಕೆಯಿಂದ ಹಿಮ ಪೂರ್ತಿ ತೆಗೆದು, ಮೇಲೆ ಮರಳು ಹಾಕಿ. ಮರಳು ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ. ಕರಗಿಸಲೇಬೇಕೆಂದರೆ ‘ಪೆಟ್ ಸೇಫ್’ ಅಂತ ಬರೆದಿರುವುದನ್ನು ತನ್ನಿ, ಆದರೆ ಚೀಲದ ಹಿಂದೆ ಏನೇನು ಸೇರಿಸಿದ್ದಾರೆ ಓದಿ. ಹಾಗೆ ಬರೆದಿದ್ದರೂ ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ. ಡಬ್ಬಿ ಮುಚ್ಚಿ, ನಾಯಿಗೆ ಸಿಗದ ಕಡೆ ಇಡಿ.

ನವೆಂಬರ್‌ನಲ್ಲೇ ಮಾಡಬೇಕಾದ ಕೆಲಸ

ಪಾದದ ಕೂದಲು ಕತ್ತರಿಸುವುದು ಮೊದಲ ಕೆಲಸ. ಕೆಂಚನಿಗೆ ಇದು ಬೇಡ, ಅವನ ಸಂದಿಯಲ್ಲಿ ಕೂದಲೇ ಇಲ್ಲ. ಪಕ್ಕದ ಮನೆಯಲ್ಲಿ ಗೋಲ್ಡನ್‌ಡೂಡಲ್ ಅನ್ನುವ ಉದ್ದ ಕೂದಲಿನ ನಾಯಿ ಇದೆ. ಅದು ಹಿಮದಲ್ಲಿ ಹತ್ತು ನಿಮಿಷ ಆಡಿದರೆ ಸಾಕು, ಒಂದೊಂದು ಬೆರಳ ಸಂದಿಯಲ್ಲೂ ನಿಂಬೆಹಣ್ಣಿನ ಗಾತ್ರದ ಹಿಮದ ಉಂಡೆ. ಪಾದದ ಬಿಸಿಗೆ ಹಿಮ ಸ್ವಲ್ಪ ಕರಗುತ್ತದೆ, ಕೂದಲಿಗೆ ಅಂಟುತ್ತದೆ, ಮತ್ತೆ ಗಟ್ಟಿಯಾಗುತ್ತದೆ. ಅದರ ಮೇಲೆ ಇನ್ನಷ್ಟು ಹಿಮ. ಚಪ್ಪಲಿಯೊಳಗೆ ಕಲ್ಲು ಸಿಕ್ಕಿಕೊಂಡು ನಡೆದಂತೆ. ಬೆರಳು ಅಗಲವಾಗಿ, ಸಂದಿಯ ಚರ್ಮ ಸೀಳುತ್ತದೆ.

ಹೀಗೆ ಮಾಡಿ. ನಾಯಿ ವಾಕಿಂಗ್ ಮುಗಿಸಿ, ಸುಸ್ತಾಗಿ ಮಲಗಿರುವ ಹೊತ್ತು ನೋಡಿಕೊಳ್ಳಿ. ತುದಿ ಮೊಂಡಾಗಿರುವ ಕತ್ತರಿ ಅಥವಾ ಪಾದಕ್ಕೇ ಇರುವ ಸಣ್ಣ ಟ್ರಿಮ್ಮರ್ ತೆಗೆದುಕೊಳ್ಳಿ. ಅಂಗಾಲು ನಿಮ್ಮ ಕಡೆ ತಿರುಗಿಸಿ, ಮೆತ್ತೆಗಿಂತ ಹೊರಗೆ ಬಂದ ಕೂದಲನ್ನು ಮಾತ್ರ ಮೆತ್ತೆಯ ಮಟ್ಟಕ್ಕೆ ಕತ್ತರಿಸಿ. ಕತ್ತರಿಯನ್ನು ಅಂಗಾಲಿಗೆ ಸಮವಾಗಿ ಹಿಡಿಯಬೇಕು, ಚುಚ್ಚುವ ಹಾಗೆ ನೆಟ್ಟಗೆ ಅಲ್ಲ. ಸಂದಿಯ ಆಳಕ್ಕೆ ಇಳಿದು ಪೂರ್ತಿ ಬೋಳು ಮಾಡಬೇಡಿ. ಅಲ್ಲಿಯ ಕೂದಲು ಚರ್ಮಕ್ಕೆ ಒಂದಿಷ್ಟು ರಕ್ಷಣೆ. ಮೇಲಿನಿಂದ ಬೆರಳ ನಡುವೆ ಎದ್ದು ನಿಂತ ಕುಚ್ಚನ್ನು ಬಾಚಿ, ಬೆರಳಿನ ಆಕಾರಕ್ಕೆ ಸವರಿ. ಒಂದೇ ದಿನ ನಾಲ್ಕೂ ಪಾದ ಆಗಲೇಬೇಕು ಅಂತ ಹಟ ಬೇಡ. ದಿನಕ್ಕೊಂದು ಮಾಡಿದರೂ ನಡೆಯುತ್ತದೆ. ಮತ್ತೆ ಬೆಳೆಯುತ್ತಿದ್ದ ಹಾಗೆ, ಮೂರ್ನಾಲ್ಕು ವಾರಕ್ಕೊಮ್ಮೆ ನೋಡಿ.

ಉಗುರೂ ಕತ್ತರಿಸಿ. ಉಗುರು ಉದ್ದ ಇದ್ದರೆ ನಡೆಯುವಾಗ ಬೆರಳು ಹರಡಿಕೊಳ್ಳುತ್ತದೆ, ಸಂದಿ ಅಗಲವಾಗಿ ಹಿಮ, ಉಪ್ಪು ಎರಡೂ ಸುಲಭವಾಗಿ ಸೇರುತ್ತವೆ. ಮಂಜುಗಡ್ಡೆ ಮೇಲೆ ಜಾರುವುದೂ ಜಾಸ್ತಿ. ಮರದ ಅಥವಾ ಟೈಲ್ಸ್ ನೆಲದ ಮೇಲೆ ನಡೆಯುವಾಗ ಟಕ್ ಟಕ್ ಸದ್ದು ಬಂತೆಂದರೆ ಉಗುರು ಉದ್ದವಾಗಿದೆ ಎಂದೇ ಲೆಕ್ಕ.

ಬೂಟು ಹಾಕಿಸುವುದು

ಉಪ್ಪಿಗೆ ಬೂಟಿಗಿಂತ ಒಳ್ಳೆ ಉಪಾಯ ಇಲ್ಲ. ಆದರೆ ತುಂಬಾ ಜನ ನೂರು ಡಾಲರ್ ಕೊಟ್ಟು ತಂದು, ಮೊದಲ ದಿನವೇ ನಾಲ್ಕೂ ಹಾಕಿ, ನಾಯಿ ಕಂಬದಂತೆ ನಿಂತಿದ್ದು ನೋಡಿ ಕಪಾಟಿಗೆ ಸೇರಿಸುತ್ತಾರೆ. ತಪ್ಪು ಬೂಟಿನದೂ ಅಲ್ಲ, ನಾಯಿಯದೂ ಅಲ್ಲ. ಅವಸರ ಮಾಡಿದ್ದಷ್ಟೇ.

ಅಲಾಸ್ಕಾದ ಇಡಿಟರೋಡ್ ಎಂಬ ಸ್ಲೆಡ್ ನಾಯಿಗಳ, ಅಂದರೆ ಹಿಮದ ಮೇಲೆ ಜಾರುಬಂಡಿ ಎಳೆಯುವ ನಾಯಿಗಳ, ಓಟದ ಬಗ್ಗೆ ಕೇಳಿರಬಹುದು. 1973ರಿಂದ ನಡೆಯುತ್ತಿದೆ, ಸುಮಾರು 1,600 ಕಿಲೋಮೀಟರ್ ದೂರ. ಅದರ ನಿಯಮದಲ್ಲಿ ಒಂದೊಂದು ನಾಯಿಗೂ 8 ಬೂಟು ಇರಲೇಬೇಕು. ಹಿಮದಲ್ಲೇ ಹುಟ್ಟಿ ಬೆಳೆದ ನಾಯಿಗಳಿಗೇ ಬೂಟು ಬೇಕೆಂದ ಮೇಲೆ ನಮ್ಮವಕ್ಕೆ ಹಾಕಲು ಸಂಕೋಚ ಯಾಕೆ? ಆ ಬೂಟುಗಳನ್ನು ನೋಡಿದರೆ ಆಶ್ಚರ್ಯ ಆಗುತ್ತದೆ. ದಪ್ಪ ಅಟ್ಟೆ ಇಲ್ಲ, ಉಣ್ಣೆ ಇಲ್ಲ. ಗಟ್ಟಿ ಬಟ್ಟೆಯ ಒಂದು ಚೀಲ, ಮೇಲೆ ಒಂದು ವೆಲ್ಕ್ರೋ ಪಟ್ಟಿ. ನಾಯಿಗೆ ನೆಲದ ಸ್ಪರ್ಶ ಸಿಗಬೇಕು, ಅದು ಮುಖ್ಯ. ಅಂಗಡಿಯಲ್ಲಿ ಮನುಷ್ಯರ ಸ್ನೋ ಬೂಟಿನ ಪುಟ್ಟ ನಕಲಿನಂಥವು ಕಣ್ಣಿಗೆ ಚಂದ ಕಾಣುತ್ತವೆ. ಮೊದಲ ಸಲ ಕೊಳ್ಳುವವರು ಅದನ್ನು ಬಿಟ್ಟು ಮೆತ್ತನೆಯ ಅಟ್ಟೆಯದನ್ನು ತೆಗೆದುಕೊಳ್ಳಿ.

ಬಲೂನಿನ ಹಾಗೆ ತೆಳು ರಬ್ಬರಿನವೂ ಸಿಗುತ್ತವೆ. ಪಾಝ್ ಅನ್ನುವ ಬ್ರ್ಯಾಂಡ್ ಎಲ್ಲ ಕಡೆ ಸಿಗುತ್ತದೆ. ಉಪ್ಪು, ನೀರು ಒಳಗೆ ಬರುವುದಿಲ್ಲ, ನಾಯಿ ಬೇಗ ಒಪ್ಪಿಕೊಳ್ಳುತ್ತದೆ. ಆದರೆ ಚಳಿಗೆ ತಡೆ ಇಲ್ಲ. ನಾಯಿ ಬೆವರುವುದು ಪಾದದಲ್ಲೇ ಆದ್ದರಿಂದ ಒಳಗೆ ಒದ್ದೆಯೂ ಆಗುತ್ತದೆ. ಇಪ್ಪತ್ತು ನಿಮಿಷದ ವಾಕಿಂಗ್‌ಗೆ ಸರಿ, ಮನೆಗೆ ಬಂದ ಕೂಡಲೇ ಬಿಚ್ಚಿಬಿಡಿ.

ಅಳತೆ ತೆಗೆಯುವಾಗ ಹೆಚ್ಚಿನವರು ತಪ್ಪುತ್ತಾರೆ. ಗಾಳಿಯಲ್ಲಿ ಎತ್ತಿ ಹಿಡಿದ ಪಾದ ಚಿಕ್ಕದು. ಭಾರ ಬಿದ್ದಾಗ ಅಗಲವಾಗುತ್ತದೆ. ನೆಲದ ಮೇಲೆ ಬಿಳಿ ಹಾಳೆ ಇಟ್ಟು ನಾಯಿಯ ಬಲಗಾಲು ಅದರ ಮೇಲೆ ಇರಿಸಿ. ಇನ್ನೊಬ್ಬರು ಎಡಗಾಲು ಎತ್ತಲಿ. ಭಾರ ಪೂರ್ತಿ ಬಲಗಾಲಿಗೆ ಬಂದಾಗ, ಎರಡೂ ಪಕ್ಕಕ್ಕೆ ಪೆನ್ಸಿಲ್ ಗುರುತು ಹಾಕಿ. ಉಗುರಿನ ತುದಿಗೆ, ಹಿಮ್ಮೆತ್ತೆಯ ಹಿಂದಕ್ಕೆ ಇನ್ನೆರಡು ಗುರುತು. ಹಿಂಗಾಲಿಗೂ ಬೇರೆಯಾಗಿ ಅಳತೆ ತೆಗೆಯಿರಿ. ಬಹಳಷ್ಟು ನಾಯಿಗಳಲ್ಲಿ ಮುಂಗಾಲಿನ ಪಾದ ದೊಡ್ಡದು. ಕೆಂಚನಿಗೆ ಮುಂದೆ ಒಂದು ಸೈಜ್, ಹಿಂದೆ ಅದಕ್ಕಿಂತ ಒಂದು ಚಿಕ್ಕದು. ಇದು ಗೊತ್ತಿಲ್ಲದೆ ಮೊದಲ ಸೆಟ್‌ನಲ್ಲಿ ಹಿಂಬದಿ ಬೂಟು ಎರಡೂ ಹಿಮದಲ್ಲೇ ಕಳೆದುಹೋದವು.

ಇನ್ನು ಅಭ್ಯಾಸ. ಎರಡು ವಾರ ಇಟ್ಟುಕೊಳ್ಳಿ. ಮೊದಲೆರಡು ದಿನ ಬೂಟನ್ನು ಊಟದ ಬಟ್ಟಲ ಪಕ್ಕ ಸುಮ್ನೆ ಇಡಿ. ಮೂಸಲಿ. ಮೂಸಿದಾಗ ಒಂದು ಟ್ರೀಟ್. ಆಮೇಲೆ ಒಂದೇ ಮುಂಗಾಲಿಗೆ ಹಾಕಿ, ಐದು ಎಣಿಸಿ, ಟ್ರೀಟ್ ಕೊಟ್ಟು ಬಿಚ್ಚಿ. ನಾಯಿ ಕಸಿವಿಸಿ ಪಡುವ ಮೊದಲೇ ಬಿಚ್ಚಬೇಕು, ಅದು ಕಿತ್ತುಕೊಂಡ ಮೇಲೆ ಅಲ್ಲ. ಇದನ್ನು ದಿನಕ್ಕೆ ಮೂರು ಸಲ ಮಾಡಿ. ನಂತರ ಎರಡು ಮುಂಗಾಲು, ಒಂದು ನಿಮಿಷ. ಹಿಂಗಾಲಿಗೆ ಒಂದೆರಡು ದಿನ ಬೇರೆಯಾಗಿಯೇ ಕೊಡಿ, ಅಲ್ಲಿ ಸಾಮಾನ್ಯವಾಗಿ ಕಿರಿಕಿರಿ ಜಾಸ್ತಿ. ನಾಲ್ಕೂ ಹಾಕಿದ ಮೊದಲ ದಿನ ಮನೆಯೊಳಗೆ ಚೆಂಡು ಎಸೆಯಿರಿ. ಕುದುರೆಯ ಹಾಗೆ ಕಾಲು ಎತ್ತಿ ಎತ್ತಿ ಇಡುತ್ತದೆ. ಅದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೆಂಚ ಒಪ್ಪಿಕೊಂಡದ್ದು ಹನ್ನೊಂದನೇ ದಿನ. ಬಾಗಿಲ ಬಳಿ ಅಳಿಲು ಕಂಡು ಓಡಿದ, ಕಾಲಲ್ಲಿ ಬೂಟು ಇರುವುದೇ ಅವನಿಗೆ ಮರೆತುಹೋಯಿತು.

ಪಟ್ಟಿ ಬಿಗಿಯುವಾಗ ಪಾದದ ಮೇಲಿನ ತೆಳ್ಳಗಿನ ಭಾಗಕ್ಕೆ ಬರಬೇಕು. ಪಟ್ಟಿ ಮತ್ತು ಕಾಲಿನ ನಡುವೆ ನಿಮ್ಮ ಒಂದು ಬೆರಳು ಹೋಗಬೇಕು. ಬಿಗಿ ಜಾಸ್ತಿಯಾದರೆ ರಕ್ತ ಓಡುವುದಿಲ್ಲ, ಆಗ ಚಳಿಯಿಂದ ಕಾಪಾಡುವ ಬೂಟೇ ಪಾದವನ್ನು ತಣ್ಣಗಾಗಿಸುತ್ತದೆ. ಹೊಸದಾಗಿ ಹಾಕಿದ ವಾರ ಪ್ರತಿ ಸಲ ಬಿಚ್ಚಿದ ಮೇಲೆ ಒಳಬದಿಯ ಉಗುರಿನ ಸುತ್ತ ನೋಡಿ. ಉಜ್ಜಿ ಕೆಂಪಾಗುವುದು ಅಲ್ಲೇ. ಹಾಗಾದರೆ ಒಳಗೆ ಮಗುವಿನ ತೆಳು ಸಾಕ್ಸ್ ಹಾಕಿ. ಒದ್ದೆ ಬೂಟನ್ನು ಒಣಗಿಸದೆ ಮತ್ತೆ ಹಾಕಬೇಡಿ.

ಬೂಟು ಒಪ್ಪದಿದ್ದರೆ ಮೇಣ

ಕೆಲವು ನಾಯಿಗಳು ಏನು ಮಾಡಿದರೂ ಬೂಟಿಗೆ ಒಗ್ಗುವುದಿಲ್ಲ. ಅವಕ್ಕೆ ಪಾದದ ಮೇಣ ಇದೆ. ಕೆನಡಾದಲ್ಲಿ ಸ್ಲೆಡ್ ನಾಯಿಗಳಿಗೆಂದೇ ತಯಾರಾದ ಮಷರ್ಸ್ ಸೀಕ್ರೆಟ್ ಎಂಬ ಮೇಣ ಇಲ್ಲಿ ಎಲ್ಲರಿಗೂ ಗೊತ್ತು. ಬೇರೆಯವೂ ಇವೆ. ಹೊರಡುವ ಮುಂಚೆ, ಪಾದ ಪೂರ್ತಿ ಒಣಗಿರುವಾಗ, ಬೆರಳಿಗೆ ಸ್ವಲ್ಪವೇ ತೆಗೆದುಕೊಂಡು ಮೆತ್ತೆಗೆ ತೆಳುವಾಗಿ ಸವರಿ. ಸಂದಿಯಲ್ಲೂ, ಉಗುರಿನ ಬುಡದಲ್ಲೂ ಬರಲಿ. ದೋಸೆ ಕಾವಲಿಗೆ ಈರುಳ್ಳಿಯಲ್ಲಿ ಎಣ್ಣೆ ಸವರುತ್ತೇವಲ್ಲ, ಅಷ್ಟೇ ತೆಳುವಾಗಿ. ದಪ್ಪಗೆ ಮೆತ್ತಿದರೆ ಮರಳು, ಉಪ್ಪು ಅದಕ್ಕೇ ಅಂಟುತ್ತದೆ. ಮೇಣ ಹಾಕಿದ ಮೇಲೂ ಮನೆಗೆ ಬಂದು ತೊಳೆಯಲೇಬೇಕು.

ವ್ಯಾಸಲೀನ್ ಕೈಗೆ ಸಿಕ್ಕಿದರೆ ಒಂದು ದಿನಕ್ಕೆ ಪರವಾಗಿಲ್ಲ, ಆದರೆ ಬೇಗ ಉಜ್ಜಿಹೋಗುತ್ತದೆ, ನೆಲವೆಲ್ಲ ಜಾರು. ಕೊಬ್ಬರಿ ಎಣ್ಣೆಯನ್ನು ನಾನು ರಾತ್ರಿ ಮಾತ್ರ, ಒಂದೆರಡು ಹನಿ ಹಚ್ಚುತ್ತೇನೆ. ಹೊರಗಿನ ಉಪ್ಪಿಗೆ ಅದು ತಡೆಯಲ್ಲ, ಮೇಲಾಗಿ ನೆಕ್ಕಿ ಮುಗಿಸುತ್ತಾನೆ. ನಮ್ಮ ಕೈಗೆ ಹಚ್ಚುವ ಕ್ರೀಮು ಬೇಡ, ಮೆತ್ತೆ ಮೃದುವಾಗಿ ಬೇಗ ಸೀಳುತ್ತದೆ. ಜಿಂಕ್ ಆಕ್ಸೈಡ್ ಇರುವ ಮಕ್ಕಳ ಡಯಾಪರ್ ಕ್ರೀಮ್, ಟೀ ಟ್ರೀ ಎಣ್ಣೆ, ಸೋರಿಯಾಸಿಸ್‌ಗೆ ಕೊಡುವ ವಿಟಮಿನ್ ಡಿ ಮುಲಾಮು, ಇವು ನಾಯಿ ನೆಕ್ಕಿದರೆ ವಿಷ. ಮನೆಯಲ್ಲಿ ಇದ್ದರೆ ಎತ್ತಿಡಿ.

ಎಷ್ಟು ಚಳಿಗೆ ಎಷ್ಟು ಹೊತ್ತು

ಇದಕ್ಕೆ ಎಲ್ಲ ನಾಯಿಗೂ ಒಪ್ಪುವ ಒಂದೇ ಲೆಕ್ಕ ಇಲ್ಲ. ನಾನು ಕೆಂಚನಿಗೆ ಇಟ್ಟುಕೊಂಡಿರುವುದು ಹೀಗೆ. ಸೊನ್ನೆಯವರೆಗೆ ಮಾಮೂಲಿ ವಾಕಿಂಗ್. ಮೈನಸ್ 5ರ ಸುತ್ತಮುತ್ತ ಬೂಟು, ಕೋಟು, ಅರ್ಧ ಗಂಟೆ. ಮೈನಸ್ 10ಕ್ಕೆ ಇಳಿದರೆ ಹತ್ತು ಹದಿನೈದು ನಿಮಿಷ. ಮೈನಸ್ 15 ದಾಟಿದರೆ ಮೂತ್ರ, ಮಲ ಮುಗಿಸಿ ಸೀದಾ ಒಳಗೆ. ಫೋನ್‌ನಲ್ಲಿ ಡಿಗ್ರಿ ಮಾತ್ರ ನೋಡಬೇಡಿ, ವಿಂಡ್ ಚಿಲ್, ಅಂದರೆ ಗಾಳಿಯೂ ಸೇರಿ ಮೈಗೆ ಎಷ್ಟು ಚಳಿ ಅನ್ನಿಸುತ್ತದೆ ಅನ್ನುವುದನ್ನು ನೋಡಿ. ಒಂಟಾರಿಯೊ ಸರೋವರದ ದಡದಲ್ಲಿ ಬೀಸುವ ಗಾಳಿಗೆ ಮೈನಸ್ 8 ಇದ್ದದ್ದು ಮೈನಸ್ 17 ಅನ್ನಿಸುವುದು ಇಲ್ಲಿ ದಿನದ ಮಾತು. ಪಾದ ಒದ್ದೆಯಾಗಿದ್ದರೆ ಇನ್ನೂ ಬೇಗ ತಣ್ಣಗಾಗುತ್ತದೆ.

ನಾಯಿಯನ್ನೇ ನೋಡುತ್ತಿರಿ. ಪಾದ ಎತ್ತುವುದು, ನಿಂತು ನಿಮ್ಮ ಮುಖ ನೋಡುವುದು, ಮನೆ ಕಡೆ ಎಳೆಯುವುದು, ನಡುಗುವುದು. ಇದರಲ್ಲಿ ಒಂದು ಕಂಡರೂ ವಾಪಸ್ ಹೊರಡಿ.

ದಾರಿಯಲ್ಲಿ

ಫುಟ್‌ಪಾತ್‌ಗಿಂತ ಪಾರ್ಕ್ ಒಳ್ಳೆಯದು. ಟೊರಾಂಟೋದಲ್ಲಿ ಹೈ ಪಾರ್ಕ್ ಇದೆ, ಹಂಬರ್ ನದಿ ಪಕ್ಕದ ದಾರಿ ಇದೆ, ಊರ ತುಂಬ ಕಣಿವೆಗಳಿವೆ. ಉಪ್ಪು ಬೀಳದ ಹುಲ್ಲಿನ ಮೇಲಿನ ಹಿಮದಲ್ಲಿ ನಡೆಸಿ. ಮೇಲೆ ಗಾಜಿನಂತೆ ಗಟ್ಟಿಯಾಗಿ, ಒಳಗೆ ಟೊಳ್ಳಾಗಿರುವ ಹಿಮ ಮಾತ್ರ ಬೇಡ. ಕಾಲು ಒಳಗೆ ಹೂತುಹೋಗಿ ಅಂಚು ಕೊಯ್ಯುತ್ತದೆ. ಹೆಪ್ಪುಗಟ್ಟಿದ ಕೆರೆ, ನದಿಯ ಮೇಲೆ ಇಳಿಯುವುದು ಬೇಡವೇ ಬೇಡ.

ಸಂದಿಯಲ್ಲಿ ಉಂಡೆ ಕಟ್ಟಿದರೆ ಕೀಳಬೇಡಿ. ಕೂದಲ ಜೊತೆ ಚರ್ಮವೂ ಎಳೆದು ಬರುತ್ತದೆ. ಗ್ಲೌಸ್ ತೆಗೆದು ಬರಿಗೈಯಲ್ಲಿ ಅರ್ಧ ನಿಮಿಷ ಮುಚ್ಚಿ ಹಿಡಿಯಿರಿ. ಅಂಚು ಕರಗುತ್ತಿದ್ದಂತೆ ಬೆರಳಲ್ಲಿ ಹಿಸುಕಿ ಪುಡಿ ಮಾಡಿ. ಜೇಬಿನಲ್ಲಿ ಒಂದು ಬಟ್ಟೆ ತುಂಡು ಇಟ್ಟುಕೊಳ್ಳಿ. ನಡುದಾರಿಯಲ್ಲಿ ಪಾದ ಎತ್ತಿದರೆ ಸಂದಿ ಒರೆಸಲು ಬೇಕು.

ಪಾರ್ಕಿಂಗ್ ಜಾಗದಲ್ಲಿ ಹಸಿರು, ನೀಲಿ, ಗುಲಾಬಿ ಬಣ್ಣದ ನೀರು ಕಂಡರೆ ದೂರ ಎಳೆದುಕೊಳ್ಳಿ. ಕಾರಿನ ಇಂಜಿನ್ ನೀರು ಹೆಪ್ಪುಗಟ್ಟದಂತೆ ಹಾಕುವ ಆಂಟಿಫ್ರೀಝ್ ಇರಬಹುದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಎಂಬ ವಿಷ ರುಚಿಗೆ ಸಿಹಿ. ಹತ್ತು ಕಿಲೋ ನಾಯಿಯ ಜೀವ ತೆಗೆಯಲು ಮೂರ್ನಾಲ್ಕು ದೊಡ್ಡ ಚಮಚ ಸಾಕು. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಅಪಾಯವೇ.

ತಂತಿಯ ಕೆಲಸ ನಡೆಯುತ್ತಿರುವ ಜಾಗ, ದೀಪದ ಕಂಬದ ಬುಡ, ನೆಲದ ಮೇಲಿನ ಕಬ್ಬಿಣದ ಮುಚ್ಚಳ, ಇವನ್ನು ಸುತ್ತಿ ಹೋಗಿ. ಹಳೆಯ ತಂತಿಯಿಂದ ಕರೆಂಟ್ ಸೋರುತ್ತಿದ್ದರೆ ಉಪ್ಪುಕೆಸರು ಅದನ್ನು ಚೆನ್ನಾಗಿ ಹರಿಸುತ್ತದೆ. 2004ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ನಾಯಿಗಳನ್ನು ನಡೆಸುತ್ತಿದ್ದ ಮಹಿಳೆಯೊಬ್ಬರು ಹೀಗೇ ತೀರಿಕೊಂಡರು. ಟೊರಾಂಟೋದಲ್ಲೂ 2008-09ರ ಚಳಿಗಾಲದಲ್ಲಿ ಹೀಗೇ ಕರೆಂಟ್ ಹೊಡೆದು ನಾಯಿ ಸತ್ತಿತ್ತು. ನಾಯಿ ಇದ್ದಕ್ಕಿದ್ದಂತೆ ಕಿರುಚಿ ಬಿದ್ದರೆ ಮುಟ್ಟಬೇಡಿ. ಮುಟ್ಟದೆ, ಒಣಗಿದ ಲೀಶ್ ಹಿಡಿದು ಎಳೆಯಲು ನೋಡಿ, ತುರ್ತು ಸಹಾಯಕ್ಕೆ ಫೋನ್ ಮಾಡಿ.

ಮನೆಗೆ ಬಂದ ಮೇಲಿನ ಐದು ನಿಮಿಷ

ಮೇಲೆ ಹೇಳಿದ್ದರಲ್ಲಿ ಏನೂ ಮಾಡಲಾಗದಿದ್ದರೂ ಇದೊಂದನ್ನು ಬಿಡಬೇಡಿ. ಬೂಟು ಹಾಕಿದ್ದರೂ ಬಿಡಬೇಡಿ.

ಬಾಗಿಲ ಬಳಿ ರಬ್ಬರ್ ಮ್ಯಾಟ್. ಅದರ ಮೇಲೆ ಅಗಲ ಬಾಯಿಯ ಚಿಕ್ಕ ಬಕೆಟ್, ಪಕ್ಕದಲ್ಲಿ ಎರಡು ಹಳೆ ಟವೆಲ್. ನೀರು ಉಗುರುಬೆಚ್ಚಗೆ ಇರಲಿ. ಎಳೆ ಮಗುವಿನ ಸ್ನಾನಕ್ಕೆ ಮೊಣಕೈ ಅದ್ದಿ ನೋಡುತ್ತೇವಲ್ಲ, ಅದಕ್ಕಿಂತಲೂ ಸ್ವಲ್ಪ ತಣ್ಣಗೆ. ತಣ್ಣಗಾದ ಪಾದಕ್ಕೆ ಬಿಸಿನೀರು ತಾಗಿದರೆ ಉರಿ.

ಒಂದು ಪಾದ ಅದ್ದಿ, ನೀರಿನೊಳಗೇ ಬೆರಳು ಬಿಡಿಸಿ. ಹೆಬ್ಬೆರಳಿನಿಂದ ಒಂದೊಂದು ಸಂದಿಯನ್ನೂ ಮೆಲ್ಲಗೆ ಸವರಿ. ಉಪ್ಪಿನ ಹರಳು ಇದ್ದರೆ ಕೈಗೆ ಒರಟಾಗಿ ಸಿಗುತ್ತದೆ, ಕರಗುವವರೆಗೆ ಬಿಡಿ. ಮಣಿಕಟ್ಟಿನ ಹಿಂದಿನ ಪುಟ್ಟ ಮೆತ್ತೆಯನ್ನು ಮರೆಯಬೇಡಿ. ಸೋಪು ಬೇಡ, ದಿನಕ್ಕೆ ಮೂರು ಸಲ ಸೋಪು ಹಾಕಿದರೆ ಚರ್ಮ ಒಣಗುತ್ತದೆ. ನಾಲ್ಕು ಪಾದ ಆದ ಮೇಲೆ ಹೊಟ್ಟೆ, ಎದೆಯ ಕೆಳಭಾಗವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಗಿಡ್ಡ ಕಾಲಿನ ನಾಯಿಗಳಿಗೆ ಉಪ್ಪುಕೆಸರು ಅಲ್ಲಿಯವರೆಗೂ ಸಿಡಿದಿರುತ್ತದೆ, ಅದನ್ನೂ ನೆಕ್ಕುತ್ತವೆ.

ಆಮೇಲೆ ಒರೆಸುವುದು. ಟವೆಲ್ಲಿನಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಟವೆಲ್ ತುದಿಯನ್ನು ಬೆರಳಿಗೆ ಸುತ್ತಿ ಸಂದಿಗೆ ಹಾಕಿ. ಸಂದಿ ಒದ್ದೆ ಉಳಿದರೆ ಫಂಗಸ್ ಬರುತ್ತದೆ, ವಾಸನೆ ಶುರುವಾಗುತ್ತದೆ. ಒರೆಸುವಾಗಲೇ ನೋಡಿಬಿಡಿ. ಬಿರುಕು ಇದೆಯಾ, ಕೆಂಪಿದೆಯಾ, ಉಗುರು ಸೀಳಿದೆಯಾ, ಯಾವುದಾದರೂ ಬೆರಳು ಮುಟ್ಟಿದಾಗ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತದೆಯಾ. ಕುಡಿಯಲು ನೀರು ಇಡಿ. ಸ್ವಲ್ಪ ಉಪ್ಪು ಹೊಟ್ಟೆಗೆ ಹೋಗಿಯೇ ಇರುತ್ತದೆ.

ಮಲಗುವ ಮುಂಚೆ ಮೆತ್ತೆಗೆ ನಾಯಿಗಳಿಗಾಗಿಯೇ ಇರುವ ಬಾಮ್ ಹಚ್ಚಿ, ಹತ್ತು ನಿಮಿಷ ಕಾಲು ಹಿಡಿದು ಮಾತಾಡಿಸುತ್ತಾ ಕೂರಿ, ಅಷ್ಟರಲ್ಲಿ ಹೀರಿಕೊಳ್ಳುತ್ತದೆ. ಕೋಣೆಯಲ್ಲಿ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಇದ್ದರೆ ನಿಮ್ಮ ಹಿಮ್ಮಡಿಗೂ ಒಳ್ಳೆಯದು.

ವೆಟ್ (ಪಶುವೈದ್ಯರ) ಹತ್ತಿರ ಓಡಬೇಕಾದಾಗ

ಮೆತ್ತೆ, ಕಿವಿಯ ತುದಿ ಅಥವಾ ಬಾಲದ ತುದಿ ಬಿಳಿಚಿಕೊಂಡಿದೆ, ಬೂದು ಅಥವಾ ನೀಲಿಯಾಗಿದೆ, ಮುಟ್ಟಿದರೆ ತಣ್ಣಗೆ ಗಟ್ಟಿ. ಇದು ಫ್ರಾಸ್ಟ್‌ಬೈಟ್, ಅಂದರೆ ಚಳಿಗೆ ಚರ್ಮವೇ ಹೆಪ್ಪುಗಟ್ಟುವುದು. ಉಜ್ಜಬೇಡಿ. ಹೇರ್ ಡ್ರೈಯರ್, ಹೀಟರ್ ಹಿಡಿಯಬೇಡಿ. ಮರಗಟ್ಟಿದ ಚರ್ಮಕ್ಕೆ ಸುಡುವುದು ಗೊತ್ತಾಗುವುದಿಲ್ಲ. ಮೊದಲು ನಾಯಿಯ ಮೈ ಕಂಬಳಿಯಲ್ಲಿ ಸುತ್ತಿ. ಮನೆಯೊಳಗೇ ಇರುತ್ತೀರಿ ಅನ್ನುವುದು ಖಚಿತ ಇದ್ದರೆ ಮಾತ್ರ ಆ ಭಾಗವನ್ನು 40ರಿಂದ 42 ಡಿಗ್ರಿ ನೀರಿನಲ್ಲಿ ಅದ್ದಿ. ಇದಕ್ಕೆ ಥರ್ಮಾಮೀಟರ್ ಬಳಸಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಜಾಸ್ತಿ. ಒರೆಸಿ, ಸೀದಾ ವೆಟ್ ಹತ್ತಿರ ಹೋಗಿ. ನಮ್ಮ ಪ್ಯಾರಸಿಟಮಾಲ್, ಐಬುಪ್ರೊಫೆನ್ ಯಾವುದನ್ನೂ ಕೊಡಬೇಡಿ. ಪೂರ್ತಿ ಹಾನಿ ಕಣ್ಣಿಗೆ ಕಾಣಲು ಕೆಲವು ದಿನ ಬೇಕಾಗುತ್ತದೆ, ಆದ್ದರಿಂದ ಮೇಲ್ನೋಟಕ್ಕೆ ಸರಿಯಾಯಿತು ಅಂತ ಬಿಡಬೇಡಿ.

ಆಂಟಿಫ್ರೀಝ್ ನೆಕ್ಕಿದ ಅನುಮಾನ ಬಂದರೂ ಸಾಕು, ಕಾಯಬೇಡಿ. ಕುಡಿದವರ ಹಾಗೆ ತೂರಾಡುವುದು, ವಾಂತಿ ಮೊದಲ ಲಕ್ಷಣ. ಆಮೇಲೆ ಸ್ವಲ್ಪ ಹೊತ್ತು ಸುಧಾರಿಸಿದಂತೆ ಕಾಣುತ್ತದೆ, ಅಷ್ಟರಲ್ಲಿ ಒಳಗೆ ಮೂತ್ರಪಿಂಡ ಹಾಳಾಗುತ್ತಿರುತ್ತದೆ. ಇದಕ್ಕೆ ಮದ್ದಿದೆ, ಆದರೆ ಮೊದಲ 8ರಿಂದ 12 ಗಂಟೆಯೊಳಗೆ ಬೀಳಬೇಕು. ಉಪ್ಪು ಜಾಸ್ತಿ ತಿಂದು ಪದೇ ಪದೇ ವಾಂತಿ, ತೀರದ ಬಾಯಾರಿಕೆ, ನಡುಕ ಕಂಡರೂ ಅದೇ ದಿನ ಹೋಗಿ.

ಮಂಜುಗಡ್ಡೆ ಕೊಯ್ದು ರಕ್ತ ಬಂದರೆ ತೊಳೆದು, ಶುದ್ಧ ಬಟ್ಟೆಯಲ್ಲಿ ಐದು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮೆತ್ತೆಗೆ ರಕ್ತ ಓಡಾಟ ಹೆಚ್ಚು, ಸಣ್ಣ ಗಾಯಕ್ಕೂ ಗಾಬರಿಯಾಗುವಷ್ಟು ಬರುತ್ತದೆ. ನಿಲ್ಲದಿದ್ದರೆ, ಮೆತ್ತೆ ತೂಗಾಡುತ್ತಿದ್ದರೆ ಹೊಲಿಗೆ ಬೇಕು.

ತೀರಾ ಚಳಿಯ ದಿನ ಹೊರಗೆ ಹೋಗಲೇಬೇಕು ಅಂತಿಲ್ಲ. ಹಳೆ ಟವೆಲ್ಲಿನ ಮಡಿಕೆಗಳಲ್ಲಿ ಟ್ರೀಟ್ ಬಚ್ಚಿಟ್ಟು ಹುಡುಕಲು ಬಿಡಿ. ಇಪ್ಪತ್ತು ನಿಮಿಷ ಮೂಸಿ ಹುಡುಕಿದರೆ ಕೆಂಚ ಮಲಗಿ ನಿದ್ದೆ ಹೋಗುತ್ತಾನೆ.

ಮಾರ್ಚ್‌ನಲ್ಲಿ ಹಿಮ ಕರಗಿತು ಅಂತ ಬಕೆಟ್ ಎತ್ತಿಡಬೇಡಿ. ಚಳಿಗಾಲವಿಡೀ ಹಾಕಿದ ಉಪ್ಪು ರಸ್ತೆ ಅಂಚಿನಲ್ಲಿ, ಹುಲ್ಲಿನ ಬುಡದಲ್ಲಿ ಇನ್ನೂ ಇರುತ್ತದೆ. ಏಪ್ರಿಲ್‌ನಲ್ಲಿ ಒಂದೆರಡು ಜೋರು ಮಳೆ ಬಿದ್ದು ಫುಟ್‌ಪಾತ್‌ನ ಬಿಳಿ ಕಲೆ ಪೂರ್ತಿ ಹೋಗುವವರೆಗೆ ಅದು ಬಾಗಿಲ ಬಳಿಯೇ ಇರಲಿ.